ಸಿಹಿ ಮಜ್ಜಿಗೆ

ಕಾರ್ಖಾನೆಯ ಭೋಂಗಾ ಕೂಗಿದ್ದೇ ತಡ, ಸನತ್‌ನಗರದ ಆ ಗಲ್ಲಿಯಲ್ಲಿ ಚಪ್ಪಲಿಗಳ ಸದ್ದು ಶುರುವಾಗುತ್ತಿತ್ತು. ಸಾವಿತ್ರಿಬಾಯಿ ಒಲೆಯ ಮುಂದಿನಿಂದ ಎದ್ದು ಸೆರಗಿಗೆ ಕೈ ಒರೆಸಿಕೊಂಡು ತಟ್ಟೆ ಹಾಕುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ತನ್ನೂರು ಯಾದಗಿರಿಗೆ ಮರಳದೆ, ಮನೆಯ ಮುಂಗೋಣೆಯಲ್ಲೇ ಖಾನಾವಳಿ ಇಟ್ಟವಳು. ಜೋಳದ ರೊಟ್ಟಿ, ಪುಂಡಿಪಲ್ಯ, ಕೊನೆಗೆ ಒಂದು ಲೋಟ ಮಜ್ಜಿಗೆ.

ಆ ಬೇಸಿಗೆಯಲ್ಲಿ ಅವಳ ಜಠರದಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು ಗೊತ್ತಾಯಿತು. ಜಠರದ ದೊಡ್ಡ ಪಾಲನ್ನೇ ಕೊಯ್ದು ತೆಗೆಯಬೇಕು. ಆದರೆ ಇಷ್ಟು ಸೊರಗಿದ ಮೈಯಲ್ಲಿ ಹೊಲಿಗೆ ಕೂಡುವುದಿಲ್ಲ, ಮೊದಲು ಸ್ವಲ್ಪ ತೂಕ ಬರಲಿ ಎಂದರು ಡಾಕ್ಟರು. ಹಾಲಿನಂತೆ ಕದಡಿ ದಿನಕ್ಕೆ ಹಲವು ಸಲ ಕುಡಿಯಲು ಪ್ರೋಟೀನ್ ಪುಡಿ ಬರೆದುಕೊಟ್ಟರು. ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುವ ಮಗಳು ಸುವರ್ಣಾ ತಪ್ಪದೆ ಡಬ್ಬಿ ತಂದಿಡುತ್ತಿದ್ದಳು.

ಡಬ್ಬಿಗಳು ಖಾಲಿಯಾದವು. ತೂಕ ಮಾತ್ರ ಇಳಿಯುತ್ತಲೇ ಹೋಯಿತು. ಆಪರೇಷನ್ನಿನ ತಾರೀಖು ಮುಂದೆ ಹೋದಾಗಲೆಲ್ಲ ಸುವರ್ಣಾ ಬಸ್ಸಿನಲ್ಲಿ ಮುಖ ತಿರುಗಿಸಿ ಅಳುತ್ತಿದ್ದಳು. ಪಕ್ಕದಲ್ಲಿ ಕೂತ ತಾಯಿಗೆ ಗುಟ್ಟಾಗಿ ಉಸಿರು ಹಗುರವಾಗುತ್ತಿತ್ತು. ಆಸ್ಪತ್ರೆಯಲ್ಲಿ ಅವಳು ಒಬ್ಬಾಕೆಯನ್ನು ನೋಡಿದ್ದಳು. ಹೊಟ್ಟೆಯ ಪಕ್ಕದಿಂದ ಸಣ್ಣ ನಳಿಗೆ, ಮೇಲೆ ತೂಗುಹಾಕಿದ ಬಾಟಲಿ, ಬಿಳಿ ಆಹಾರ ಹನಿಹನಿಯಾಗಿ ಒಳಗೆ ಇಳಿಯುತ್ತಿತ್ತು. ಆಕೆಯ ಬಾಯಿ ಮುಚ್ಚಿಯೇ ಇತ್ತು. ಅಂದಿನಿಂದ ಕಣ್ಣು ಮುಚ್ಚಿದರೆ ಸಾವಿತ್ರಿಬಾಯಿಗೆ ಆ ಮುಚ್ಚಿದ ಬಾಯಿಯೇ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಸುವರ್ಣಾ ಹೊಸ ಡಬ್ಬಿ ಹಿಡಿದು ಬಂದಾಗ ಪಂಕ್ತಿ ತುಂಬಿತ್ತು. ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಕ್ಯಾಬ್ ಓಡಿಸುವ ಕಲ್ಲೇಶ ಲೋಟ ಎತ್ತಿ ಮೂಸಿದ.

"ಯವ್ವಾ, ಇದೇನು ಸಾಫ್ಟ್‌ವೇರ್ ಮಜ್ಜಿಗಿ ಏನು? ಐಸ್‌ಕ್ರೀಮ್ ವಾಸನಿ ಹೊಡ್ಯಾಕತ್ತೈತಿ!"

ಎಲ್ಲರೂ ನಕ್ಕರು. "ಸುಮ್ಕ ಕುಡಿಯೋ. ರಾತ್ರಿ ಎಲ್ಲಾ ಗಾಡಿ ಓಡ್ಸಿ ಒಣಕಟಗಿ ಆಗೀದಿ. ಮೈಗಿ ಹತ್ತಲಿ," ಎಂದಳು ಸಾವಿತ್ರಿಬಾಯಿ.

ಸುವರ್ಣಾ ನಗಲಿಲ್ಲ. ಎಲ್ಲರೂ ಎದ್ದು ಹೋಗುವವರೆಗೆ ಕಾದಳು.

"ಅವ್ವಾ, ಆ ಪುಡಿ ಮಜ್ಜಿಗ್ಯಾಗ ಹಾಕಾಕತ್ತೀಯಲ್ಲ?"

"ಚೆಲ್ಲಾಕ ಮನಸ ಬರಲಿಲ್ಲವ್ವಾ. ತಿನ್ನೂ ಪದಾರ್ಥ."

"ಚೆಲ್ಲಾಕ ಯಾರ ಹೇಳ್ಯಾರ? ಕುಡಿ ಅಂತ ತಂದಕೊಟ್ಟೀನಿ!"

"ಕುಡದ್ರ ತೂಕ ಬರತೈತಿ," ಎಂದಳು ಸಾವಿತ್ರಿಬಾಯಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. "ತೂಕ ಬಂದ್ರ ಕೊಯ್ಯಾಕ ಕರೀತಾರ. ಭಾಳ ಅಂಜಿಕಿ ಆಗತೈತಿ, ಸುವರ್ಣಾ."

ಸುವರ್ಣಾಳ ಸಿಟ್ಟು ಅಲ್ಲೇ ಕರಗಿತು. ಎಂಜಲು ತಟ್ಟೆಗಳ ನಡುವೆಯೇ ತಾಯಿಯ ಮುಂದೆ ಕೂತಳು.

"ಡಾಕ್ಟರು ತಾರೀಖ ಮುಂದ ಹಾಕ್ತಾರವ್ವಾ. ಗಡ್ಡಿ ಕಾಯ್ಕೋತ ಕುಂದರತೈತೇನು? ನೀ ಇನ್ನೂ ಸೊರಗಿದ್ರ ಕೊಯ್ಯಾಕ ಬರೂದೇ ಇಲ್ಲಂತ."

ತಾರೀಖು ಮುಂದೆ ಹೋದಾಗಲೆಲ್ಲ ಗಡ್ಡೆಯೂ ತನ್ನೊಡನೆ ಮನೆಗೆ ಬಂದು ತೆಪ್ಪಗೆ ಮಲಗುತ್ತದೆ ಎಂದೇ ಸಾವಿತ್ರಿಬಾಯಿ ನಂಬಿದ್ದಳು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಬಿಸಿ ಹೆಂಚು ತಾಗಿದಂತೆ ಹಿಂದಕ್ಕೆ ಬಂತು.

"ಆ ನಳಿಗಿ ನನಗೂ ಹಾಕ್ತಾರೇನು?"

"ಹಾಕಬಹುದು. ಗಾಯ ಮಾಯೂ ತನಕ ಅಷ್ಟ."

"ಮತ್ತ ರೊಟ್ಟಿ?"

"ಮೊದಲ ಗಂಜಿ ಅವ್ವಾ. ರೊಟ್ಟಿ ತಡಾ ಆಗತೈತಿ. ತಿಂದ್ರೂ ಒಂದೊಂದ ತುತ್ತು, ಛಲೋತ್ನಾಗ ನುರಿಸಿ, ಮ್ಯಾಲಿಂದ ಮ್ಯಾಲೆ..."

ಸಾವಿತ್ರಿಬಾಯಿ ಗೋಡೆ ಹಿಡಿದು ಎದ್ದಳು. ಮಗಳ ಮಡಿಲಿನಿಂದ ಡಬ್ಬಿ ತೆಗೆದುಕೊಂಡು ಒಳಗೆ ತನ್ನ ಲೋಟದ ಕಡೆ ನಡೆದಳು.

"ಅವ್ವಾ, ನಾ ಇನ್ನೂ ಹೇಳಾಕತ್ತೀನಿ..."

ಅವಳು ತಿರುಗಿ ನೋಡಲಿಲ್ಲ. ನಡೆಯುತ್ತಲೇ ಡಬ್ಬಿಯ ಮುಚ್ಚಳದ ಅಂಚಿಗೆ ಉಗುರು ಹಾಕಿ ಎಬ್ಬುತ್ತಿದ್ದಳು.