ಬಟ್ಟೆ ತಿರುಗುವಷ್ಟು ಹೊತ್ತಿನ ಪಾಠ

ಅವರ ಬಲಗೈ ಹೆಬ್ಬೆರಳು ಬಗ್ಗುತ್ತಿರಲಿಲ್ಲ. ಇಲ್ಲಿ ಕೆನಡಾದ ಎಟೋಬಿಕೋದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದಾಗ ಯಂತ್ರಕ್ಕೆ ಸಿಕ್ಕಿತ್ತಂತೆ. ಪುಸ್ತಕದ ಹಾಳೆಯನ್ನು ಕಿರುಬೆರಳಿನಿಂದ ತಿರುವುತ್ತಿದ್ದರು. ಬೆಳಗಾವಿ ಕಡೆಯವರು, ನಿವೃತ್ತರು, ಥಾರ್ನ್‌ಕ್ಲಿಫ್ ಪಾರ್ಕ್‌ನ ನಮ್ಮ ಕಟ್ಟಡದಲ್ಲೇ ಇದ್ದರು. ನಮಗೆಲ್ಲ ಅವರು ಕಾಕಾ. ಪೌರತ್ವ ಪರೀಕ್ಷೆಗೆ ಕೂರುವ ಹೆಂಗಸರಿಗೆ ಬೇಸ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ಪಾಠ ಹೇಳುತ್ತಿದ್ದರು. ಮಷಿನ್ನಿನಲ್ಲಿ ಬಟ್ಟೆ ತಿರುಗುವಷ್ಟು ಹೊತ್ತು ಪಾಠ, ಅದು ನಿಂತರೆ ನಮಗೆ ಬಿಡುಗಡೆ.

ನಾನು ಮೊದಲ ಸಲ ಫೇಲಾದೆ. ಧಾರವಾಡದಲ್ಲಿ ಗೈಡ್ ಉರುಹೊಡೆದು ಎಸ್ಸೆಸ್ಸೆಲ್ಸಿ ಪಾಸಾದವಳು, ಇಲ್ಲೂ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಪ್ರಶ್ನೋತ್ತರಗಳನ್ನು ಸಾಲಾಗಿ ಬಾಯಿಪಾಠ ಮಾಡಿಕೊಂಡು ಕೂತಿದ್ದೆ. ಪ್ರಶ್ನೆ ಸ್ವಲ್ಪ ಬೇರೆ ಥರ ಬಂದದ್ದೇ ತಲೆ ಖಾಲಿಯಾಯಿತು. ಗಂಡ ಪಾಸಾಗಿದ್ದ, ಮಗಳು ಚಿಕ್ಕವಳು, ಅವಳಿಗೆ ಪರೀಕ್ಷೆಯೇ ಇಲ್ಲ. ಮನೆಯಲ್ಲಿ ನಾನೊಬ್ಬಳೇ ಹೊರಗಿನವಳಾಗಿ ಉಳಿಯುತ್ತೇನೆಂದು ಅಳು ಬರುತ್ತಿತ್ತು.

ಪಾಠಕ್ಕೆ ಹೋದರೆ ಕಾಕಾ ಸಮಾಧಾನವನ್ನೇನೂ ಹೇಳಲಿಲ್ಲ. ನನ್ನ ಹಾಳೆಗಳನ್ನು ಕಸಿದುಕೊಂಡು, "ಬಾಯಿಪಾಠ ಸಾಕ್ ಮಾಡವಾ. ಯಾಕ ಅಂತ ಹೇಳು," ಎಂದರು. ಪ್ರಧಾನಿಯನ್ನು ಜನ ನೇರವಾಗಿ ಆರಿಸುವುದಿಲ್ಲ, ಯಾಕೆ? ಮೂಲನಿವಾಸಿಗಳ ಜೊತೆ ಒಪ್ಪಂದ ಮಾಡಿಕೊಂಡದ್ದು ಯಾಕೆ? ಮಡಚುತ್ತಿದ್ದ ಬೆಡ್‌ಶೀಟನ್ನು ಕೈಯಲ್ಲೇ ಹಿಡಿದು ತಡಕಾಡುತ್ತಿದ್ದೆ. ತಪ್ಪಿದರೆ ಬೈಯುತ್ತಿದ್ದರು, ಸರಿ ಹೇಳಿದರೂ ಹೊಗಳುತ್ತಿರಲಿಲ್ಲ. ಎರಡನೇ ಸಲ ಇಪ್ಪತ್ತಕ್ಕೆ ಹತ್ತೊಂಬತ್ತು ಬಂತು. ತಪ್ಪಿದ ಆ ಒಂದು ಯಾವುದೆಂದು ವಾರವಿಡೀ ನನ್ನ ಪ್ರಾಣ ತಿಂದರು.

ಪೇಢೆ ಕೊಡಲು ಹೋದಾಗ, ನೀವು ಈ ಪರೀಕ್ಷೆ ಬರೆದು ಎಷ್ಟು ವರ್ಷವಾಯಿತು ಎಂದು ಕೇಳಿದೆ. ಬರೆದೇ ಇಲ್ಲವಂತೆ. ನಲವತ್ತು ವರ್ಷದಿಂದ ಇಲ್ಲಿದ್ದರೂ ಅವರದು ಭಾರತದ ಪಾಸ್‌ಪೋರ್ಟೇ.

"ಬ್ರಿಟಿಷರ ರಾಜನಿಗೆ ನಿಷ್ಠೆ ಅಂತ ಪ್ರಮಾಣ ಮಾಡಬೇಕಾಗ್ತದವಾ. ನಮ್ಮಪ್ಪ ಅವರ ವಿರುದ್ಧನ ಹೋರಾಡಿ ಜೇಲಿಗೆ ಹೋದಾವ. ನನ್ನ ಬಾಯಾಗ ಅದು ಹೊರಡೂದಿಲ್ಲ," ಎಂದರು.

ಹಾಗಾದರೆ ನಾನು ಆ ಪ್ರಮಾಣ ಮಾಡುವುದು ತಪ್ಪೇ ಎಂದೆ.

"ನಿನಗ್ಯಾಕ ತಪ್ಪು? ನಿನ್ನ ಮಗಳ ಊರು ಇದು. ಇಲ್ಲೆ ನಿನ್ನ ಮಾತು ನಡೀಬೇಕು."

ಪ್ರಮಾಣ ಮಾಡಿ ಈ ದೇಶದ ಪ್ರಜೆಯಾದೆ. ಮುಂದಿನ ಚುನಾವಣೆಯಲ್ಲಿ ಮತಗಟ್ಟೆಯ ತನಕ ಕಾಕಾ ಜೊತೆಗೆ ಬಂದರು. ಎಲ್ಲ ಅಭ್ಯರ್ಥಿಗಳ ಜಾತಕವೂ ಅವರಿಗೆ ಗೊತ್ತಿತ್ತು. ಯಾರಿಗೆ ಹಾಕಲಿ ಎಂದು ಕೇಳಿದ್ದಕ್ಕೆ ಸಿಟ್ಟಾದರು. ಇಷ್ಟು ದಿನ ಕಲಿಸಿದ್ದೆಲ್ಲ ನೀರಿನಲ್ಲಿ ಹೋಮ ಆಯಿತೇ ಎಂದು ಗದರಿ ನನ್ನನ್ನು ಒಳಗೆ ಕಳಿಸಿದರು. ತಾವು ಬಾಗಿಲಾಚೆ ಥಂಡಿಯಲ್ಲಿ ನಿಂತರು.

ಅದೇ ಚಳಿಗಾಲದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರಿಂದ ಕಲಿತು ಓಟಿನ ಹಕ್ಕು ಪಡೆದವರು ನಮ್ಮ ಕಟ್ಟಡದಲ್ಲಿ ಬಹಳ ಮಂದಿ ಇದ್ದೇವೆ. ಅವರು ಮಾತ್ರ ಈ ದೇಶದಲ್ಲಿ ಒಂದೂ ಓಟು ಹಾಕದೆ ಹೋದರು. ನನ್ನ ಓಟು ಅವರು ಕೊಟ್ಟದ್ದು. ಅದನ್ನು ಅವರೆದುರು ಒಮ್ಮೆಯೂ ಹೇಳಲಿಲ್ಲ.