‘ಬ್ಯಾಡ’ ನುಂಗದ ಚರ್ಚು

ಶಿಗ್ಗಾಂವಿಯ ನಮ್ಮ ಹಳೆಯ ಪ್ರಾರ್ಥನಾ ಮಂದಿರಕ್ಕೆ ತಗಡಿನ ಛಾವಣಿ, ಸುಣ್ಣ ಬಳಿದ ಬೋಳು ಗೋಡೆ. ಯಾರೇ ಮಾತಾಡಲಿ, ಕೊಡದೊಳಗೆ ಬಾಯಿಟ್ಟು ಮಾತಾಡಿದಂತೆ ಕೇಳುತ್ತಿತ್ತು. ಹಾಡಿಗೇನೂ ತೊಂದರೆಯಿರಲಿಲ್ಲ. ಮಾತು ಮಾತ್ರ ಮುಂದಿನ ಸಾಲುಗಳನ್ನು ದಾಟುವಷ್ಟರಲ್ಲಿ ಗಂಜಿಯಾಗುತ್ತಿತ್ತು.

ಒಂದು ಕ್ರಿಸ್ಮಸ್ಸಿಗೆ ಅಲ್ಲಿ ನಾಟಕ ಆಡಿದೆವು. ಶಾಲೆಯಲ್ಲಿ ಕಲಿಸುತ್ತಿದ್ದ ನನ್ನ ಹೆಂಡತಿಯೇ ದೇವದೂತೆ. ಕುರುಬರ ಮುಂದೆ ಪ್ರತ್ಯಕ್ಷಳಾಗಿ ಅವಳು ಆಡಬೇಕಾದ ಮೊದಲ ಮಾತು ‘ಹೆದರಬ್ಯಾಡ್ರಿ’. ಗ್ರಂಥದ ಭಾಷೆ ಹಳ್ಳಿಯಿಂದ ಬಂದವರಿಗೆ ಹತ್ತುವುದಿಲ್ಲವೆಂದು ನಮ್ಮ ಮಾತಿನಲ್ಲೇ ಬರೆದುಕೊಂಡಿದ್ದಳು. ಎದೆ ತುಂಬಿ ಹೇಳಿದಳು. ತಗಡು ನಡುವಿನ ‘ಬ್ಯಾಡ’ವನ್ನು ನುಂಗಿಹಾಕಿತು. ಹಿಂದಿನ ಸಾಲಿಗೆ ಮುಟ್ಟಿದ್ದು ‘ಹೆದರ್ರಿ’ ಅಂತ ಅಷ್ಟೇ. ಸಣ್ಣ ಮಕ್ಕಳು ಅತ್ತವು, ಸವಣೂರಿನಿಂದ ನೋಡಲು ಬಂದವರು ನಕ್ಕರು. ಹಿಂದೆ ಬಾಗಿಲ ಪಕ್ಕದಲ್ಲಿ ಕುಳಿತಿದ್ದ ನನ್ನ ಅವ್ವ ಸೆರಗು ಕೊಡವಿ ಎದ್ದು ಮನೆಗೆ ನಡೆದಳು.

“ಮಂದ್ಯಾಗ ನಿಂತು ಅತ್ತೀಗೆ ಹೆದರ್ರಿ ಅಂತಾಳಲ್ಲೋ ನಿನ್ನ ಹೇಂತಿ,” ಎಂದಳು ಮನೆಯಲ್ಲಿ.

“ಹೆದರಬ್ಯಾಡ್ರಿ ಅಂದಾಳವ್ವ.”

“ಹಂಗಿದ್ರ ಆ ಬ್ಯಾಡ ಎಲ್ಲಿ ಹೋತು?”

ಅದನ್ನೇ ಯೋಚಿಸಿದಂತೆಲ್ಲ ಗಾಬರಿಯಾಯಿತು. ನಮ್ಮ ಕನ್ನಡದಲ್ಲಿ ಹೌದೋ ಅಲ್ಲವೋ ಎಂಬುದು ತೀರ್ಮಾನವಾಗುವುದೇ ಮಾತಿನ ಬಾಲದಲ್ಲಿ. ಮಾಡು ಎಂದರೋ ಮಾಡಬೇಡ ಎಂದರೋ ತಿಳಿಯಬೇಕಾದರೆ ಕೊನೆಯವರೆಗೂ ಕೇಳಿಸಬೇಕು. ಕದಿಯಬೇಡ, ಕೊಲ್ಲಬೇಡ ಎಂದು ಪಾದ್ರಿಗಳು ವರ್ಷಗಟ್ಟಲೆ ಓದಿದ ಆಜ್ಞೆಗಳನ್ನು ಹಿಂದಿನ ಸಾಲಿನವರು ಏನೆಂದು ಕೇಳಿಸಿಕೊಂಡಿದ್ದರೋ ದೇವರೇ ಬಲ್ಲ.

ಅವ್ವ ಮುಂದೆ ಬಂದು ಕುಳಿತರೆ ಆಯಿತಲ್ಲ ಎಂದು ಸಭೆಯವರು ಹೇಳುತ್ತಿದ್ದರು. ಅವಳು ಬರುತ್ತಿರಲಿಲ್ಲ. ನಮ್ಮ ಜಾತಿಯವರನ್ನು ಯಾರೂ ಒಳಗೆ ಕರೆಯದ ಕಾಲದಲ್ಲಿ ಬೆಳೆದವಳು ಅವಳು. ಪುರಾಣವಿರಲಿ, ಪಂಚಾಯ್ತಿಯಿರಲಿ, ಅಂಗಳದಾಚೆ ನಿಂತೇ ಕೇಳಿದವಳು. ಚರ್ಚಿಗೆ ಸೇರಿದ ಮೇಲೂ ಅವಳ ಕಾಲು ತಾನಾಗಿಯೇ ಬಾಗಿಲ ಪಕ್ಕಕ್ಕೆ ಹೋಗುತ್ತಿತ್ತು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಮುಂದೆ ಹಾನಗಲ್ಲು, ಹಿರೇಕೆರೂರಿನ ಕಡೆಯವರೂ ಸೇರಿ ಸಭೆ ಬೆಳೆಯಿತು. ದೊಡ್ಡ ಚರ್ಚು ಕಟ್ಟುವುದೆಂದಾಯಿತು. ಬೆಳಗಾವಿಯಲ್ಲಿ ನಕ್ಷೆ ತೆಗೆಯುವುದನ್ನು ಕಲಿತು, ರಸ್ತೆ ಸೇತುವೆಗಳ ಕೆಲಸದಲ್ಲಿದ್ದ ನನಗೆ ಪಾದ್ರಿಗಳು ನಕ್ಷೆಯ ಹೊಣೆ ಕೊಟ್ಟರು. ಆರಾಧನೆಯೂ ಅಲ್ಲೇ, ಸಂಗೀತವೂ ಅಲ್ಲೇ, ನಾಟಕವೂ ಅಲ್ಲೇ ಆಗಬೇಕು ಎಂದು ನನ್ನ ಹೆಂಡತಿ ಪಟ್ಟು ಹಿಡಿದು ಅವರನ್ನು ಒಪ್ಪಿಸಿದ್ದಳು.

ಎಲ್ಲರೂ ನಕ್ಷೆಯನ್ನು ಮುಂದಿನಿಂದ ಶುರುಮಾಡುತ್ತಾರೆ. ನಾನು ಬಾಗಿಲ ಪಕ್ಕದಿಂದ ಶುರುಮಾಡಿದೆ. ಕಾಗದದ ಮೇಲೆ ಮೊದಲು ಅವ್ವ ಕೂರುವ ಜಾಗಕ್ಕೆ ಒಂದು ಚುಕ್ಕೆ ಇಟ್ಟು, ಅಲ್ಲಿಗೆ ಮಾತು ಹೇಗೆ ಬಂದೀತು ಎಂದು ಹುಡುಕಿಕೊಂಡು ಹೋದೆ. ಹೀಗಾಗಿ ಚರ್ಚು ಉದ್ದವಾಗದೆ ಅಗಲವಾಯಿತು. ನೆಲ ಹಿಂದೆ ಹೋದಂತೆ ಏರಿತು. ವೇದಿಕೆಯ ನೆತ್ತಿಗೆ ತಿಳವಳ್ಳಿ ಕಡೆಯ ಮರದ ಹಲಗೆಗಳನ್ನು ಓರೆಯಾಗಿ ಜೋಡಿಸಿದೆ. ಮಾತು ಮೇಲಕ್ಕೆ ಹಾರಿಹೋಗದೆ ಜನರತ್ತ ಬೀಳಬೇಕು. ಭಾನುವಾರ ಅಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಮೇಜು ಇರುತ್ತದೆ, ನಾಟಕದ ದಿನ ಅದು ಮಡಚುವ ಬಾಗಿಲುಗಳ ಹಿಂದೆ ಸರಿಯುತ್ತದೆ. ಹಿಂದಿನ ಗೋಡೆಗೆ ದನಿ ಬಡಿದು ಮರಳಬಾರದೆಂದು ಬಿದಿರ ತಟ್ಟಿ ಕಟ್ಟಿಸಿ, ಅದರ ಹಿಂದೆ ಹಾನಗಲ್ಲಿನ ಭತ್ತದ ಹುಲ್ಲು ತುಂಬಿಸಿದೆ.

ಸಭೆಯಲ್ಲಿ ಒಬ್ಬ ಹಿರಿಯರಿದ್ದರು, ಹಂಚಿನ ವ್ಯಾಪಾರಿ. ಕ್ಯಾಲೆಂಡರಿನಲ್ಲಿ ಕಂಡ ವಿಲಾಯಿತಿ ಚರ್ಚಿನಂತೆ ಉದ್ದಕ್ಕೆ, ಎತ್ತರಕ್ಕೆ ಕಟ್ಟಬೇಕೆಂಬುದು ಅವರ ಆಸೆ. ಹುಲ್ಲಿನ ಬಂಡಿ ಬಂದು ನಿಂತಾಗ ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ದೇವರ ಮನಿ ಕಟ್ಟಾಕತ್ತೀಯೋ, ದನದ ಕೊಟ್ಟಿಗಿಯೋ? ಮ್ಯಾಲ ನಾಟಕ ಕಂಪನಿ ಥೇಟರ ಬ್ಯಾರೆ.”

“ದೇವರು ಹೇಳಿದ್ದು ಹಿಂದಿನವರಿಗೆ ಕೇಳಬ್ಯಾಡೇನ್ರಿ?” ಎಂದೆ. ಇನ್ನೂ ನಾಲ್ಕು ಮಾತು ಬಾಯಲ್ಲಿದ್ದವು. ಪಾದ್ರಿಗಳು ಕಣ್ಣು ಬಿಟ್ಟಿದ್ದರಿಂದ ನುಂಗಿಕೊಂಡೆ.

ಕಟ್ಟಡ ಮುಗಿದ ಮೇಲೆ ಆ ಹಿರಿಯರು ಪರೀಕ್ಷೆಗೆ ಬಂದರು. ಖಾಲಿ ಚರ್ಚಿನಲ್ಲಿ ಹಿಂದೆ ಹೋಗಿ ನಿಂತು, ವೇದಿಕೆಯಿಂದ ನನ್ನ ಹೆಂಡತಿಗೆ ಅದೇ ‘ಹೆದರಬ್ಯಾಡ್ರಿ’ ಹೇಳಲು ಹೇಳಿದರು. ಹೇಳಿದಳು. ಮಾತು ಬೆಂಚುಗಳ ಮೇಲೆಲ್ಲ ಉರುಳಾಡಿ, ಒಂದರ ಮೇಲೊಂದು ಬಿದ್ದು ಕಲೆಸಿಹೋಯಿತು. ನನ್ನ ಮುಖ ಸಪ್ಪಗಾಯಿತು.

“ಇದೂ ನುಂಗ್ತೈತಲ್ಲೋ,” ಎಂದರು ಹಿರಿಯರು.

“ಖಾಲಿ ಐತ್ರಿ. ಮಂದಿ ಕುಂತ್ರ ಅವರ ಮೈ, ಅವರ ಕಂಬಳಿ, ಸೀರಿ ಎಲ್ಲಾ ದನಿ ಹೀರ್ತಾವ. ಮಂದಿ ತುಂಬಿದ ಮ್ಯಾಲ ಹೇಳ್ರಿ.”

“ಆತು. ಕ್ರಿಸ್ಮಸ್ ಸಂಜಿಗೆ ನಾನ ಹಿಂದ ಕುಂದರ್ತೇನಿ. ಬ್ಯಾಡ ಕೇಳದಿದ್ರ ಮರುದಿನಾನ ವೇದಿಕೆಗೆ ಗ್ವಾಡಿ ಹಾಕಸ್ತೇನಿ. ನಾಟಕದ ಮಾತು ಮತ್ತ ಎತ್ತಬಾರ್ದು.”

ಪಾದ್ರಿಗಳೂ ತಲೆಯಾಡಿಸಿದರು. ನಾನು ದೊಡ್ಡ ಬಾಯಿ ಮಾಡಿ ಒಪ್ಪಿಕೊಂಡು ಬಂದೆ. ಇನ್ನು ಚರ್ಚು ತುಂಬಲೇಬೇಕಾಗಿತ್ತು. ಸವಣೂರಿನ ವೀಳ್ಯದೆಲೆ ಮಾರುವವರಿಗೆ, ಹಾನಗಲ್ಲಿನ ಸಂತೆಗೆ, ಹಂಸಭಾವಿಯವರೆಗೆ ಹೇಳಿ ಕಳಿಸಿದೆ. ಯಾವ ಜಾತಿಯವರಾದರೂ ಬನ್ನಿ, ಕಂಬಳಿ ಹೊದ್ದು ಬನ್ನಿ ಎಂದೆ. ಎಲ್ಲಕ್ಕಿಂತ ಕಷ್ಟವಾದದ್ದು ಅವ್ವನನ್ನು ಒಪ್ಪಿಸುವುದು.

“ಮತ್ತ ಹೆದರ್ರಿ ಅನಿಸಾಕ ಕರಿಯಾಕತ್ತೀ ಏನು?” ಎಂದಳು. ಆದರೂ ಬಂದಳು. ಬಂದವಳು ನೇರ ಹೋಗಿ ಬಾಗಿಲ ಪಕ್ಕದಲ್ಲಿ, ನಾನು ಕಾಗದದ ಮೇಲೆ ಚುಕ್ಕೆ ಇಟ್ಟಿದ್ದ ಜಾಗದಲ್ಲೇ ಕುಳಿತಳು. ಹಂಚಿನ ವ್ಯಾಪಾರಿಗಳು ಕಿವಿಗೆ ಕಟ್ಟಿದ ಮಫ್ಲರು ಬಿಚ್ಚಿ ಅವಳ ಮಗ್ಗುಲಲ್ಲಿ ಕುಳಿತರು.

ಜನ ಹೇಗೆ ತುಂಬಿದರೆಂದರೆ ಗೋಡೆಗುಂಟ ನಿಂತವರೇ ಒಂದು ಸಭೆಯಷ್ಟಿದ್ದರು. ಮೊದಲು ಹಾಡು. ಹಲಗೆಗಳು ಹಾಡನ್ನು ತುಂಬು ದನಿಯಲ್ಲಿ ಜನರ ಮೇಲೆ ಸುರಿದವು. ಹಾಡು ಎಲ್ಲಿಯಾದರೂ ಚೆನ್ನಾಗಿಯೇ ಕೇಳುತ್ತದೆ ಎಂದು ನಾನು ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ಉಗುರು ಕಚ್ಚುತ್ತ ನಿಂತಿದ್ದೆ.

ನನ್ನ ಹೆಂಡತಿ ಬಿಳಿ ಸೀರೆಯುಟ್ಟು ಮುಂದೆ ಬಂದಳು. ಕಿರುಚಬೇಡ, ಮನೆಯಲ್ಲಿ ಮಾತಾಡಿದಂತೆ ಮಾತಾಡು ಎಂದು ನಾನೇ ಹೇಳಿದ್ದೆ. ಅವಳು ಒಲೆಯ ಮುಂದೆ ಕುಳಿತು ಅತ್ತೆಯ ಜೊತೆ ಆಡುವ ದನಿಯಲ್ಲೇ ಅಂದಳು:

“ಹೆದರಬ್ಯಾಡ್ರಿ.”

ಮಾತಿನ ಬಾಲ ಕತ್ತರಿಸದೆ, ಕಲೆಸದೆ ಜನರನ್ನು ದಾಟಿ ಹೋಯಿತು. ನಾನು ಪರದೆ ಸರಿಸಿ ಹಿಂದಿನ ಸಾಲು ನೋಡಿದೆ. ಹಂಚಿನ ವ್ಯಾಪಾರಿಗಳು ಕೈಯೆತ್ತಿ, ಕೇಳಿತು ಎಂದು ತೋರಿಸಿದರು. ನನಗೆ ಜಂಬ ಬಂತು, ಮುಚ್ಚುಮರೆ ಯಾಕೆ. ಕುಣಿಯುವುದೊಂದು ಬಾಕಿ.

ಆಗ ಬಾಗಿಲ ಪಕ್ಕದಿಂದ ಅವ್ವ ಬಾಯಿ ತೆರೆದಳು. ತುಂಬಿದ ಸಭೆಯಲ್ಲಿ ಅವಳು ಮಾತಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗಟ್ಟಿಯಾಗೇನೂ ಹೇಳಲಿಲ್ಲ, ತನ್ನ ಎಂದಿನ ದನಿಯಲ್ಲೇ ಹೇಳಿದಳು.

“ಇಲ್ಲವ್ವ, ಹೆದರೂದಿಲ್ಲ. ನೀ ಮುಂದ ಹೇಳು.”

ವೇದಿಕೆಯ ಮೇಲಿದ್ದ ಸೊಸೆಗೆ ಅದರ ಒಂದೊಂದು ಅಕ್ಷರವೂ ಕೇಳಿಸಿತು. ಇಡೀ ಚರ್ಚಿಗೆ ಕೇಳಿಸಿತು.