ಸೋಮವಾರ ಹೂಡದ ಮೋಟಾರ್ ಸೈಕಲ್

ಡೆನ್ಮಾರ್ಕಿನಿಂದ ಬಂದವನೊಬ್ಬ ಹೋದ ಸೋಮವಾರ ಬೈಲಹೊಂಗಲದಲ್ಲಿ ನಿಂತು ನನಗೆ ನಮ್ಮದೇ ಶಾಸ್ತ್ರ ಹೇಳಿದ.

"ಇವತ್ತ ಸೋಮವಾರ ಐತ್ರೀ. ಗಾಡಿ ಹೂಡೂದಿಲ್ರೀ."

ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು. ಅವನು ಅಚ್ಚ ಹೊಂಗಲದ ಕನ್ನಡದಲ್ಲಿ ನನಗೆ ಇಲ್ಲ ಅಂದ.

ಅವನ ಹೆಸರು ಪೀಟರ್. ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಯ ಬಾವಿಗಳಲ್ಲಿ ಯಾವ ತಿಂಗಳು ನೀರು ಎಷ್ಟು ಇಳಿಯುತ್ತದೆ ಎಂದು ಅಳೆಯಲು ಬಂದಿರುವ ಹುಡುಗ. ಒಂದು ದಿನ ಕಿತ್ತೂರು, ಸಂಗೊಳ್ಳಿ. ಇನ್ನೊಂದು ದಿನ ಚಚಡಿ, ಸಿರಸಂಗಿ. ತಿರುಗಾಟಕ್ಕೆ ಹುಬ್ಬಳ್ಳಿಯಿಂದ ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ ತಂದ. (ನಮ್ಮಲ್ಲಿ ಹೊಸ ಸ್ಕೂಟರಿಗೆ ಹೆಸರು ಹಚ್ಚಿ ಪಾಳಿ ಕಾಯುತ್ತ ಕೂತವರ ಮಕ್ಕಳೇ ಸ್ಕೂಟರ್ ಹೊಡೆಯುವ ವಯಸ್ಸಿಗೆ ಬಂದಿದ್ದಾರೆ. ಇರಲಿ.) ಗಾಡಿ ಸಣ್ಣದು, ಆಸಾಮಿ ಆರಡಿಗೂ ಮೇಲೆ. ಅದರ ಮೇಲೆ ಕೂತರೆ ಮೊಣಕಾಲು ಹ್ಯಾಂಡಲ್‌ಗೆ ಬಡಿಯುತ್ತವೆ.

ಪರದೇಶದಲ್ಲಿ ಗಾಡಿ ಇಟ್ಟುಕೊಳ್ಳುವುದೆಂದರೆ ಏನು? ಅವನನ್ನೇ ಕೇಳಬೇಕು. ಯಾವ ಊರಲ್ಲಿ ಇಳಿದರೂ ಮೊದಲ ಪ್ರಶ್ನೆ, ಎಷ್ಟಕ್ಕ ತಗೊಂಡ್ರಿ? ಎರಡನೆಯದು, ಎಣ್ಣಿ ಎಷ್ಟ ಕುಡಿತೈತಿ? ಮೂರನೆಯದು, ಲಗ್ನ ಆಗೇತೇನ್ರೀ? ಬಾವಿಯ ಸುದ್ದಿ ಯಾರಿಗೂ ಬೇಡ. ಮಳೆ ಬಿದ್ದರೆ ಅಂಟಿನಂಥ ಕಪ್ಪು ಎರಿ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಡಿ ನಿಂತಲ್ಲೇ ನಿಲ್ಲುತ್ತದೆ. ಅದಕ್ಕೇ ಮಣ್ಣು ಕೆರೆದು ತೆಗೆಯಲು ಕ್ಯಾರಿಯರ್‌ಗೆ ಕಳೆ ಕೀಳುವ ಒಂದು ಖುರಪಿ ಸದಾ ಕಟ್ಟಿರುತ್ತಾನೆ. ಇನ್ನು ದಾರಿಯಲ್ಲಿ ಕೈ ಎತ್ತಿದವರನ್ನು ಹತ್ತಿಸಿಕೊಳ್ಳದೆ ಮುಂದೆ ಹೋಗುವಂತಿಲ್ಲ ಎಂಬುದನ್ನೂ ಬೇಗ ಕಲಿತ. ಹಾಗಾಗಿ ಅವನ ಹಿಂದೆ ಎಷ್ಟೋ ಜನ, ಕೋಳಿ, ಬೆಲ್ಲದ ಪೆಂಟೆ ಸವದತ್ತಿ ಮುಟ್ಟಿವೆ.

ಖುರಪಿ ಕೊಟ್ಟವಳು ಅವನ ಮನೆ ಮಾಲಕಿ ಗಂಗವ್ವ. ಒಕ್ಕಲುತನದ ಮನೆ, ಅರವತ್ತು ದಾಟಿದ ಹೆಣ್ಣುಮಗಳು. ನಮ್ಮ ಕಡೆಯ ಹಳೆಯ ಮನೆಗಳು ನಿಮಗೆ ಗೊತ್ತಲ್ಲ. ತಲೆಬಾಗಿಲು ದಾಟಿದರೆ ಮೊದಲು ದನ, ಮೆಟ್ಟಿಲು ಹತ್ತಿದರೆ ಪಡಸಾಲೆ, ಅಲ್ಲಿ ಜನ. ಮೋಟಾರ್ ಸೈಕಲ್ಲಿಗೂ ಎತ್ತುಗಳ ಪಕ್ಕದಲ್ಲೇ, ಮೇವು ಹಾಕುವ ಗೋದಲಿಯ ಹತ್ತಿರ ಜಾಗ ಸಿಕ್ಕಿತು.

ಅಲ್ಲಿ ಕಟ್ಟಿದ ಮೇಲೆ ಅಲ್ಲಿಯ ಕಾನೂನು. ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಗಂಗವ್ವ ಪೀಟರನಿಗೂ ಅದನ್ನೇ ಹೇಳಿದಳು. ಅವನು ಒಪ್ಪಿದ! ಸೋಮವಾರ ಬೆಳಿಗ್ಗೆ ಎತ್ತುಗಳ ಹಣೆಗೆ ವಿಭೂತಿ, ಗಾಡಿಯ ಹೆಡ್‌ಲೈಟಿಗೂ ವಿಭೂತಿ. ಕೀಲಿಕೈ ದೀಪದ ಗೂಡಿನಲ್ಲಿ. ನಾನು ಈ ಕತೆಯನ್ನು ಸ್ಟಾಫ್ ರೂಮಿನಲ್ಲಿ ಬಣ್ಣ ಹಚ್ಚಿ ಹೇಳಿ ಬೇಕಾದಷ್ಟು ನಗಿಸಿದ್ದೇನೆ.

ಹೋದ ಸೋಮವಾರ ನಗು ಬರಲಿಲ್ಲ.

ಅಂದು ನಾನು ರಾಮದುರ್ಗದಲ್ಲಿ ಕನ್ಯೆ ನೋಡಬೇಕಿತ್ತು. (ಒಕ್ಕಲುತನದ ಮಂದಿ ಸೋಮವಾರವೇ ಬಿಡುವಾಗಿರುತ್ತಾರೆ, ಅದಕ್ಕೇ ಆ ವಾರ.) ತಾಯಿ ಮತ್ತು ಸೋದರಮಾವ ಹಿಂದಿನ ದಿನವೇ ಹೋಗಿದ್ದರು. ಮಾವ ಹೊರಡುವಾಗ ಎಚ್ಚರಿಕೆ ಕೊಟ್ಟೇ ಹೋಗಿದ್ದರು: "ಎರಡ ಕಡೆ ಹೊತ್ತ ಮಾಡಿ ಹೋಗಿ ಮಾತ ಕೆಡಿಸೀದಿ. ಈ ಸಲ ತಪ್ಪಿತಂದ್ರ ನಿನ್ನ ಸಲುವಾಗಿ ನಾ ಮತ್ತ ಯಾರ ಹೊಸ್ತಲಾನೂ ತುಳಿಯಾಂವ ಅಲ್ಲ."

ನನಗೂ ಇದು ತಪ್ಪಬಾರದಿತ್ತು. ಹುಡುಗಿ ಸುಶೀಲಾ, ಕನ್ನಡ ಶಾಲೆಯ ಶಿಕ್ಷಕಿ. ಸವದತ್ತಿಯ ಒಂದು ಸಭೆಯಲ್ಲಿ ಅವರು ಮಾತಾಡಿದ್ದನ್ನು ಕೇಳಿದ್ದೆ. ದೊಡ್ಡವರೆಲ್ಲ ಹೂಂ ಹೂಂ ಅನ್ನುತ್ತಿದ್ದ ಕಡೆ ಒಬ್ಬರೇ ಎದ್ದು ನಿಂತು ಪ್ರಶ್ನೆ ಕೇಳಿದ್ದರು. ಇಂಥವರ ಜೊತೆ ಬಾಳಬೇಕು ಅಂತ ಅಂದೇ ಅನಿಸಿತ್ತು.

ಅಂಥ ದಿನ ನಾನು ಒಂದು ಕ್ಲಾಸು ಮುಗಿಸಿ ಸ್ಟ್ಯಾಂಡಿಗೆ ಬರುತ್ತೇನೆ, ಬಸ್ಸು ಇಲ್ಲ. ದಾರಿಯಲ್ಲೆಲ್ಲೋ ಕೆಟ್ಟು ನಿಂತಿದೆಯಂತೆ. ಮುಂದಿನದು ಸಂಜೆಗೆ. ಇಸ್ತ್ರಿ ಮಾಡಿದ ಅಂಗಿ ಬೆವರಿನಲ್ಲಿ ತೊಯ್ಯುವಂತೆ ಗಂಗವ್ವನ ಮನೆಗೆ ಓಡಿದೆ.

ಅಲ್ಲಿ ಪೀಟರ್ ಎತ್ತಿನ ಮೈ ತಿಕ್ಕುತ್ತಿದ್ದ. ರಾಮದುರ್ಗಕ್ಕೆ ಬಿಡು ಅಂದದ್ದಕ್ಕೆ ಬಂದದ್ದೇ ನಾನು ಮೊದಲು ಹೇಳಿದ ಆ ಉತ್ತರ.

"ಪೀಟರ್, ಅದು ಕಬ್ಬಿಣ ಐತಿ," ಅಂದೆ.

"ಹೌದ್ರೀ."

"ಕಬ್ಬಿಣಕ್ಕ ದಣಿವು ಇರೂದಿಲ್ಲ."

"ಇರೂದಿಲ್ರೀ."

"ಮತ್ತ?"

"ಯವ್ವ ಬ್ಯಾಡ ಅಂದಾರ್ರೀ."

ಯವ್ವ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ನನ್ನ ಗೋಳನ್ನೆಲ್ಲ ಕೇಳಿಸಿಕೊಂಡು ಎದ್ದಳು. ಗೂಡಿನಿಂದ ಕೀಲಿಕೈ ತೆಗೆದು ನನ್ನ ಕೈಯಲ್ಲೇ ಇಟ್ಟಳು. "ಕನ್ಯಾ ನೋಡಾಕ ಅಂದ್ರ ಒಲ್ಲೆ ಅನ್ನಾಕ ಬರತೈತೇನ್ರಿ ಮಾಸ್ತರ? ಒಯ್ಯಿರಿ."

ಇಷ್ಟು ಸುಲಭವೇ? "ಬಾ ಪೀಟರ್, ಲಗೂನ," ಅಂದೆ.

"ಅಂವ ಬರೂದಿಲ್ಲ," ಅಂದಳು ಗಂಗವ್ವ. "ಗಾಡಿ ಅಷ್ಟ ಒಯ್ಯಿರಿ."

ನನಗೆ ಸೈಕಲ್ ಬಿಟ್ಟು ಬೇರೆ ಏನೂ ಹೊಡೆಯಲು ಬರುವುದಿಲ್ಲ. ಕೀಲಿಕೈ ಹಿಡಿದುಕೊಂಡು ನಿಂತೆ. "ಸೋಮವಾರದ ಸೂಟಿ ಗಾಡಿಗಲ್ಲೇನವ್ವಾ?"

"ಗಾಡಿಗೇನ ಕೈಕಾಲು ನೋಯತಾವೇನ್ರಿ? ಕಲತವ್ರು ಕೇಳೂ ಮಾತ ಇದು?" ಅಂದಳು. "ಈ ಹುಡುಗ ಬಂದಾಗಿಂದ ವಾರಪೂರ್ತಿ ಬಿಸಲಾಗ ತಿರಗತಿತ್ತು. ತಮ್ಮ ದೇಶದಾಗ ಇದ್ರ ಕುಂದ್ರೋ ಅನ್ನಾಕ ತಾಯಿ ಅದಾಳ. ಇಲ್ಲಿ ಯಾರ ಅನ್ನಬೇಕು? ದಣದೀಯಪಾ ಅಂದ್ರ ಯಾವ ಗಂಡಸ ಹೌದು ಅಂತಾನ? ಎತ್ತಿನ ಹೆಸರ ಹೇಳಿದೆ. ಕೇಳಿದ."

ನಾನು ಪೀಟರನ ಮುಖ ನೋಡಿದೆ. ಅವನು ಮೊದಲ ಬಾರಿಗೆ ಇಂಗ್ಲಿಷಿನಲ್ಲಿ ಮಾತಾಡಿದ. ಅವನಿಗೆ ಇದು ಮೊದಲ ಸೋಮವಾರವೇ ಗೊತ್ತಾಗಿತ್ತಂತೆ. ಅಂದು ಅವನು ಮಧ್ಯಾಹ್ನದವರೆಗೆ ಮಲಗಿಬಿಟ್ಟಿದ್ದ. ಎದ್ದು ನೋಡಿದರೆ, ಮುಖಕ್ಕೆ ಬಿಸಿಲು ಬೀಳದಂತೆ ಕಿಟಕಿಗೆ ಯಾರೋ ಕಂಬಳಿ ಕಟ್ಟಿದ್ದರು. "ಆಮೇಲೆ ಯಾಕೆ ಅಂತ ನಾನು ಕೇಳಲಿಲ್ಲ," ಅಂದ.

ಅಲ್ಲಿ ರಾಮದುರ್ಗದಲ್ಲಿ ಮಾವ ದಾರಿ ನೋಡುತ್ತಿರುತ್ತಾರೆ, ಇಲ್ಲಿ ನಾನು ಒಂದು ಮನೆಯ ಗುಟ್ಟಿನೊಳಗೆ ಕಾಲಿಟ್ಟು ನಿಂತಿದ್ದೇನೆ. ಕೀಲಿಕೈಯನ್ನು ಗಂಗವ್ವನಿಗೆ ತಿರುಗಿ ಕೊಡಲು ಹೋದೆ.

ಅವಳು ನನ್ನ ಮುಖ ನೋಡಿದಳು, ಅಂಗಿ ನೋಡಿದಳು. "ಕರಕೊಂಡ ಹೋಗ್ರಿ. ಆದ್ರ ಉಂಡ ಹೋಗಬೇಕು. ರಾತ್ರಿ ಅಲ್ಲೇ ವಸ್ತಿ ಇರಬೇಕು. ಇವತ್ತ ತಿರಗಿ ಬಂದ್ರ ಬಾಗಲಾ ತಗಿಯೂದಿಲ್ಲ ನೋಡ್ರಿ."

ಉಂಡೆವು. ಎರಡು ರೊಟ್ಟಿ ನಾನೂ ತಿಂದೆ, ಗಡಿಯಾರ ನೋಡುತ್ತಾ.

ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನ್ನ ಬಿಳಿ ಅಂಗಿ ಸವದತ್ತಿ ದಾಟುವುದರೊಳಗೆ ಮಣ್ಣಿನ ಬಣ್ಣಕ್ಕೆ ತಿರುಗಿತು. ಸಿರಸಂಗಿಯ ಹತ್ತಿರ ಮುದುಕರೊಬ್ಬರು ಕೈ ಎತ್ತಿದರು. ಪೀಟರ್ ರೂಢಿಯಂತೆ ನಿಲ್ಲಿಸಿಯೇಬಿಟ್ಟ. ಮುದುಕರು ನನ್ನನ್ನು ನೋಡಿ, "ಓ, ಇವತ್ತ ಸೀಟ ತುಂಬೇತಿ, ಹೋಗ್ರಿ," ಅಂತ ನಮಗೇ ಅಪ್ಪಣೆ ಕೊಟ್ಟರು.

ರಾಮದುರ್ಗ ಮುಟ್ಟಿದಾಗ ಮಾವ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊಸ್ತಿಲಲ್ಲೇ ನಿಂತಿದ್ದರು. ಹೊತ್ತಾಗಿತ್ತು, ಆದರೆ ಯಾರೂ ಎದ್ದು ಹೋಗಿರಲಿಲ್ಲ. ಮುಂದೆ ಆದದ್ದನ್ನು ನೀವೇ ಊಹಿಸಬಹುದು. ನೋಡಿಸಿಕೊಳ್ಳಲು ಹೋದ ವರ ನಾನು, ಎಲ್ಲರೂ ನೋಡಿದ್ದು ಪೀಟರನನ್ನು. ಅವಲಕ್ಕಿ ಮೊದಲು ಅವನಿಗೇ ಬಂತು. ಗಾಡಿ ಎಷ್ಟಕ್ಕ ತಗೊಂಡ್ರಿ, ಎಣ್ಣಿ ಎಷ್ಟ ಕುಡಿತೈತಿ, ಎಲ್ಲ ಆಯಿತು. ಯಾಕೆ ತಡವಾಯಿತು ಎಂದು ಯಾರೋ ಕೇಳಿದರು. ಅವನು ತನ್ನ ಕನ್ನಡದಲ್ಲಿ ಸೋಮವಾರದ ಕತೆಯನ್ನು ಒಂದೂ ಬಿಡದೆ ಹೇಳಿದ, ಕಂಬಳಿಯನ್ನೂ ಸೇರಿಸಿ. ಒಳಬಾಗಿಲ ಹಿಂದಿನ ಬಳೆ ಸಪ್ಪಳ ನಿಂತೇಹೋಯಿತು.

ಆಮೇಲೆ ಸುಶೀಲಾ ಬಂದು ಕೂತರು. ದೊಡ್ಡವರು ಹೆಸರು, ಶಾಲೆ ಎಲ್ಲ ಕೇಳಿದರು. ಕೊನೆಗೆ ನಮ್ಮ ಮಾವ ಮರ್ಯಾದೆಗೆಂದು, "ನಿನಗೇನರ ಕೇಳೂದಿದ್ರ ಕೇಳವಾ ತಂಗಿ," ಅಂದರು. ಇಂಥ ಕಡೆ ಹುಡುಗಿ ತಲೆ ತಗ್ಗಿಸುವುದು ರಿವಾಜು.

ಅವರು ತಲೆ ಎತ್ತಿ ನನ್ನನ್ನೇ ನೋಡಿದರು. "ನೀವು ಯಾವ ವಾರ ಮನ್ಯಾಗ ಇರ್ತೀರಿ?"

ಮಾವ ಕೆಮ್ಮಿದರು. ಪೀಟರ್ ನನಗೆ ಉತ್ತರ ಗೊತ್ತೇ ಇದೆ ಎಂಬಂತೆ ಭರವಸೆಯಿಂದ ನನ್ನ ಕಡೆ ತಿರುಗಿದ. ಕಾಲೇಜು ಶನಿವಾರದವರೆಗೆ. ಸಂಜೆ ಸಂಘ, ಸಭೆ. ಮನೆಯೆಂದರೆ ನನಗೆ ಅಂಗಿ ಬದಲಿಸುವ ಜಾಗ. ನಾನು ತಡವರಿಸುವುದನ್ನು ನೋಡಿ ಅವರೇ ಮೆಲ್ಲಗೆ ಅಂದರು, "ಅವಸರಿಲ್ರಿ. ವಿಚಾರ ಮಾಡಿ ತಿಳಸ್ರಿ."

ಉಳಿದದ್ದೆಲ್ಲ ಅವರ ಮನೆಯವರಿಗೆ ಒಪ್ಪಿಗೆಯಂತೆ. ಈ ಒಂದು ಉತ್ತರಕ್ಕೆ ಕಾಯುತ್ತಿದ್ದಾರೆ. ನನಗೂ ಅವರೇ ಬೇಕು, ಆದರೆ ಸುಳ್ಳು ಹೇಳಿ ಒಪ್ಪಿಸುವ ಮನಸ್ಸಿಲ್ಲ.

ರವಿವಾರ ಅಂತ ತಿಳಿಸೋಣವೇ? ಇವತ್ತು ರವಿವಾರ, ನಾನು ಇದನ್ನು ಬರೆಯುತ್ತಿರುವುದು ಕಿತ್ತೂರಿಗೆ ಭಾಷಣಕ್ಕೆ ಹೊರಟ ಬಸ್ಸಿನಲ್ಲಿ.